ಬೆವರದ ಷಡ್ಡಕ

ತಾಳ್ಯದ ಮುದ್ದಪ್ಪನಿಗೆ ಈ ಲೋಕದಲ್ಲಿ ಯಾರ ಮೇಲೂ ಹಗೆಯಿರಲಿಲ್ಲ. ಹೊಲದ ಬದು ಒತ್ತಿದ ದಾಯಾದಿಯ ಮನೆಗೂ ಹಬ್ಬಕ್ಕೆ ಹೋಗಿ ಹೋಳಿಗೆ ಉಂಡು, ಇನ್ನೊಂದು ಹಾಕಿಸಿಕೊಂಡು ಬರುವಂಥ ಆಸಾಮಿ. ಆದರೆ ಷಡ್ಡಕ ಮೂರ್ತಪ್ಪನ ಹಣೆ ಕಂಡರೆ ಮಾತ್ರ ಅವನ ಹೊಟ್ಟೆಯೊಳಗೆ ಉರಿ ಏಳುತ್ತಿತ್ತು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ತಗಡಿನ ಶೆಡ್ಡು, ಬೆನ್ನ ಮೇಲೆ ತೆಂಗಿನಕಾಯಿ ಚೀಲ. ಅಂಥದ್ದರಲ್ಲಿ ಒಬ್ಬ ಮನುಷ್ಯನ ಹಣೆ ಒಣಗಿರುತ್ತದೆ ಅಂದರೆ ಏನು? ಒಂದು ಹನಿ ಬೆವರಿಲ್ಲ! ಮುದ್ದಪ್ಪನ ಬೆವರೋ, ಮೂಗಿನ ತುದಿಯಿಂದ ತೊಟ್ಟಿಕ್ಕಿ, ಕಿವಿಯ ಹಿಂದೆ ಹರಿದು, ಬನಿಯನ್ನು ತೋಯಿಸಿ, ಚಡ್ಡಿಯ ಲಾಡಿಯವರೆಗೂ ಇಳಿಯುತ್ತಿತ್ತು. ಅವನು ನಿಂತು ಹೋದ ಕಡೆ ನೆಲ ಒದ್ದೆಯಾಗಿರುತ್ತಿತ್ತು.

ಇಬ್ಬರೂ ಹರಿಯಬ್ಬೆಯ ವೀರಮ್ಮನ ಅಳಿಯಂದಿರು. ದೊಡ್ಡ ಮಗಳು ಮಲ್ಲಕ್ಕನನ್ನು ಮೂರ್ತಪ್ಪನಿಗೆ ಕೊಟ್ಟಿತ್ತು, ಚಿಕ್ಕವಳು ಬೊಮ್ಮಕ್ಕನನ್ನು ಮುದ್ದಪ್ಪನಿಗೆ. ಹೊಸದುರ್ಗದ ಹೊರಗಿರುವ ಮುರುಗಪ್ಪ ಸಾವ್ಕಾರರ ಕೊಬ್ಬರಿ ಶೆಡ್ಡಿನಲ್ಲಿ ನಾಲ್ವರಿಗೂ ಕೆಲಸ. ಹೆಂಗಸರು ಅಂಗಳದಲ್ಲಿ ಕೂತು ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದರು, ಗಂಡಸರು ಹೊರುತ್ತಿದ್ದರು. ತೋಟದಿಂದ ಬಂದ ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ ವರ್ಷದ ಹತ್ತಿರ ಒಣಗಲು ಬಿಡಬೇಕು. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಟಗಟ ಅನ್ನುವಾಗ ಕೆಳಗಿಳಿಸಬೇಕು. ಶೆಡ್ಡಿನ ಎರಡು ತುದಿಗೂ ಕಡಿದಾದ ಕಲ್ಲು ಮೆಟ್ಟಿಲು. ಒಂದು ತುದಿಯಲ್ಲಿ ಹೊಸ ಕಾಯಿ ಹತ್ತುತ್ತಿತ್ತು, ಇನ್ನೊಂದು ತುದಿಯಲ್ಲಿ ಹಳೇ ಕಾಯಿ ಇಳಿಯುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ ಷಡ್ಡಕರಿಬ್ಬರೂ ಬೇರೆ ಬೇರೆ ದಿಕ್ಕು. ಮುದ್ದಪ್ಪ ಏರಿಸುವವನು, ಮೂರ್ತಪ್ಪ ಇಳಿಸುವವನು. ಬಂದ ದಿನದಿಂದ ಹಾಗೇ ನಡೆದುಕೊಂಡು ಬಂದಿತ್ತು.

ಇಳಿಸುವವನಿಗೆ ಆ ಶೆಡ್ಡಿನಲ್ಲಿ ಮರ್ಯಾದೆ ಒಂದು ತೂಕ ಜಾಸ್ತಿ. ಏರುವಾಗ ಕಾಲು ಜಾರಿದರೆ ಮಂಡಿ ತರಚೀತು, ಇಳಿಯುವಾಗ ಜಾರಿದರೆ ತಲೆ ಒಡೆದೀತು. ಅದಕ್ಕೇ ಹಮಾಲರಲ್ಲಿ ಒಂದು ಮಾತಿತ್ತು, ಏರಿಸೋದು ಎತ್ತಿನ ಕೆಲಸ, ಇಳಿಸೋದು ಆಳಿನ ಕೆಲಸ ಅಂತ. ಹಳೇ ಕಾಯಿ ಹಗುರ ಎಂದು ಯಾರೂ ಆಡಿಕೊಳ್ಳಬಾರದೆಂದು ಮೂರ್ತಪ್ಪ ಎಲ್ಲರಿಗಿಂತ ದೊಡ್ಡ ಚೀಲ ಹೊರುತ್ತಿದ್ದ. ನಿಧಾನಕ್ಕೆ ಒಂದೊಂದೇ ಮೆಟ್ಟಿಲು ಇಳಿದು, ಚೀಲವನ್ನು ಮಗುವಿನ ಹಾಗೆ ನೆಲಕ್ಕಿಟ್ಟು, ದನಗಳ ನೀರಿನ ತೊಟ್ಟಿಯ ಹತ್ತಿರ ಹೋಗಿ ಟವೆಲ್ಲು ಅದ್ದಿ ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದ. ಮುದ್ದಪ್ಪನ ಕಣ್ಣಿಗೆ ಅದೂ ಒಂದು ಶೋಕಿ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಅತ್ತೆಯ ಬಾಯಿ ಸುಮ್ಮನಿರಬೇಕಲ್ಲ! ವೀರಮ್ಮ ಮಗಳಂದಿರ ಮನೆಗೆ ಬಂದಾಗಲೆಲ್ಲ ಜಗಲಿಯ ಮೇಲೆ ಕೂತು ಸಂಜೆ ಕೆಲಸದಿಂದ ಬರುವ ಅಳಿಯಂದಿರನ್ನು ತೂಗುತ್ತಿದ್ದಳು. "ನಮ್ಮ ದೊಡ್ಡಳಿಯ ನೋಡ್ರೆ, ದಿನಾ ದುಡಿದ್ರೂ ಮದುವಣಿಗನಂಗೆ ಬರ್ತಾನೆ. ಚಿಕ್ಕಳಿಯ ಕೆರೆಯಾಗೆ ಹೊರಳಿದ ಎಮ್ಮಿ ಬಂದಂಗೆ ಬರ್ತಾನೆ," ಎಂದು ನಕ್ಕುಬಿಡುತ್ತಿದ್ದಳು. ಬೊಮ್ಮಕ್ಕ ಗಂಡನ ಪರ ನಿಲ್ಲುತ್ತಿದ್ದಳೇನೋ ಸರಿ, ಆದರೆ ಅವಳದೂ ಒಂದು ಮಾತಿರುತ್ತಿತ್ತು. "ಹೋಗ್ಲಿ ಬಿಡವ್ವ, ಇವ್ರ ಅಂಗಿ ಹಿಂಡಿದ್ರೆ ಮಾವಿನಕಾಯಿ ಉಪ್ಪಿಗೆ ಹಾಕಬಹುದು." ಹೆಂಗಸರು ನಗುತ್ತಿದ್ದರು. ಮುದ್ದಪ್ಪನೂ ನಗುತ್ತಿದ್ದ, ನಕ್ಕು ಒಳಗೆ ಹೋಗಿ ಗೋಡೆ ನೋಡಿಕೊಂಡು ಕೂರುತ್ತಿದ್ದ. ತಾನು ಕಡಿಮೆ ದುಡಿಯುವವನಲ್ಲ, ಕುಡಿಯುವವನಲ್ಲ, ಹೆಂಡತಿ ಮೇಲೆ ಕೈ ಎತ್ತಿದವನಲ್ಲ. ಆದರೂ ಬೆವರಿನ ಲೆಕ್ಕದಲ್ಲಿ ಎರಡನೇ ಅಳಿಯನಾಗಿ ಉಳಿದುಬಿಟ್ಟ.

ಇದಕ್ಕೇನೋ ಗುಟ್ಟಿರಬೇಕೆಂದು ಅವನು ಷಡ್ಡಕನ ಊಟದ ಮೇಲೆ ಕಣ್ಣಿಟ್ಟ. ಮೂರ್ತಪ್ಪನ ಬಾಯಲ್ಲಿ ಹಲ್ಲು ಅಲ್ಲೊಂದು ಇಲ್ಲೊಂದು, ಅವೂ ಮೊಳೆಯ ಹಾಗೆ ಚೂಪು. ಹುಟ್ಟಿದಾಗಿನಿಂದ ಹಾಗೇ ಅಂತೆ. ಹಾಗಾಗಿ ರೊಟ್ಟಿ ಮುಟ್ಟುತ್ತಿರಲಿಲ್ಲ, ಮುದ್ದೆ, ಮಜ್ಜಿಗೆ, ಮೆತ್ತಗಿನ ಅನ್ನ ಇಷ್ಟೇ. ಮುದ್ದಪ್ಪನೂ ರೊಟ್ಟಿ ಬಿಟ್ಟು ಮಜ್ಜಿಗೆ ಹಿಡಿದ. ಹೊಟ್ಟೆ ಕೆಟ್ಟು ಬಯಲಿಗೆ ಓಡಾಡಿದ್ದೇ ಬಂತು, ಬೆವರು ಮಾತ್ರ ಒಂದು ತೊಟ್ಟೂ ಕಡಿಮೆಯಾಗಲಿಲ್ಲ. ಮೂರ್ತಪ್ಪನ ತಲೆಯ ಮೇಲೆ ಕೂದಲೂ ಅಷ್ಟಕ್ಕಷ್ಟೇ, ಹುಬ್ಬಂತೂ ಇದ್ದೂ ಇಲ್ಲದ ಹಾಗೆ. "ಕೂದ್ಲು, ಹಲ್ಲು ಎರಡೂ ಕಿತ್ಕಂಡು ಆ ಶಿವ ಅವನಿಗೆ ಒಣ ಮೈ ಕೊಟ್ಟವ್ನೆ," ಎಂದು ಮುದ್ದಪ್ಪ ಒಮ್ಮೆ ಹೆಂಡತಿಯ ಹತ್ತಿರ ಹೇಳಿದ. "ನನಗೂ ಹಂಗೇ ಮಾಡಿದ್ರೆ ನಾನೇನು ಬ್ಯಾಡ ಅಂತಿದ್ನಾ?" ಬೊಮ್ಮಕ್ಕ ಗಂಡನ ತಲೆಗೂದಲು ನೋಡಿ, "ಬ್ಯಾಡಪ್ಪ, ಇರೋದು ಇರ್ಲಿ," ಅಂದಳು.

ಹೀಗಿರುವಾಗ ಹಳೇ ಮೇಸ್ತ್ರಿಯ ಮಂಡಿ ಕೈಕೊಟ್ಟಿತು. ಬಸವ ಜಯಂತಿ ಕಳೆದ ಮೇಲೆ ಹೊಸ ಮೇಸ್ತ್ರಿಯನ್ನು ಮಾಡುವುದಾಗಿ ಸಾವ್ಕಾರರು ಹೇಳಿದರು. ಮೇಸ್ತ್ರಿ ಆದವನು ಹೊರಬೇಕಾಗಿಲ್ಲ. ಶೆಡ್ಡಿನ ಜಗಲಿಯ ನೆರಳಲ್ಲಿ ನಿಂತು ಯಾರು ಎಲ್ಲಿ, ಯಾವ ರಾಶಿ ಮೊದಲು, ಯಾವ ಲಾರಿ ಯಾವಾಗ ಅಂತ ನೋಡಿಕೊಂಡರೆ ಆಯಿತು. ಎಲ್ಲರ ಬಾಯಲ್ಲೂ ಮೂರ್ತಪ್ಪನ ಹೆಸರೇ. ಮುದ್ದಪ್ಪನಿಗೆ ಮೇಸ್ತ್ರಿಗಿರಿಯ ಆಸೆ ಮೊದಲಿನಿಂದ ಇತ್ತೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಮೂರ್ತಪ್ಪನ ಹೆಸರು ಕೇಳಿದ ಗಳಿಗೆಯಿಂದ ಅದು ತನಗೆ ಬೇಕೇ ಬೇಕು ಅನ್ನಿಸಿತು. ಈ ಒಂದು ವಿಷಯದಲ್ಲಾದರೂ ತಾನು ಮೊದಲ ಅಳಿಯನಾಗಬೇಕು.

ಅದೇ ವಾರ ಮೇಘಶ್ರೀ ಎಂಬ ಹುಡುಗಿ ಬಂದಳು. ಯಾವುದೋ ಕಾಲೇಜಿನಲ್ಲಿ ಸಂಶೋಧನೆ ಮಾಡುವವಳು. ಹೊರೆ ಹೊರುವವರ ಮೈ ಕೆಲಸಕ್ಕೆ ಎಷ್ಟು ಶಕ್ತಿ ತಿನ್ನುತ್ತದೆ, ಎಷ್ಟು ಕಾವು ಬಿಡುತ್ತದೆ ಅಂತ ನೋಡಬೇಕಿತ್ತಂತೆ. ಮೂಗುಬಾಯಿ ಮುಚ್ಚುವ ಮುಖವಾಡ, ಎದೆಗೆ ಕಟ್ಟುವ ಪಟ್ಟಿ, ಒಂದು ಪೆಟ್ಟಿಗೆ ತಂದಿದ್ದಳು. ಅವಳು ಬರುವ ಸುದ್ದಿ ಗೊತ್ತಾದದ್ದೇ ತಡ, ಮೂರ್ತಪ್ಪ ಹೊಳಲ್ಕೆರೆಯಲ್ಲಿ ಯಾರದೋ ಮದುವೆ ಮಾತುಕತೆ ಇದೆ ಎಂದು ಹೊರಟೇಹೋದ. ಗುಟ್ಟು ಹೊರಬೀಳುತ್ತದೆಂದು ತಪ್ಪಿಸಿಕೊಂಡ ಎಂದು ಮುದ್ದಪ್ಪನಿಗೆ ಖಾತ್ರಿಯಾಯಿತು. ತಾನೇ ಮುಂದೆ ಹೋಗಿ ಮುಖವಾಡ ಹಾಕಿಸಿಕೊಂಡು, ಚೀಲ ಹೊತ್ತು ಏರಿದ, ಆಮೇಲೆ ಅದೇ ಚೀಲ ಹೊತ್ತು ಇಳಿದ.

"ನನ್ ಮೈ ಯಾಕಿಂಗೆ ನೀರಾಗ್ತೈತೆ ಮೇಡಂ?" ಎಂದು ಕೇಳಿದ.

ಮೇಘಶ್ರೀ ಅವನಿಗೆ ತಿಳಿಯುವ ಹಾಗೇ ಹೇಳಿದಳು. "ನೀವು ನಾಲ್ಕು ಮುದ್ದೆ ಉಂಡ್ರಿ ಅಂದ್ಕೊಳ್ಳಿ. ಚೀಲ ಎತ್ತೋದಕ್ಕೆ ಅದ್ರಲ್ಲಿ ಒಂದು ಮುದ್ದೆಯಷ್ಟು ಶಕ್ತಿ ಸಿಕ್ಕಿದ್ರೆ ಹೆಚ್ಚು. ಮಿಕ್ಕಿದ ಮೂರು ಮುದ್ದೆ ಶಕ್ತಿ ನಿಮ್ಮ ಮಾಂಸಖಂಡದಲ್ಲೇ ಬಿಸಿಯಾಗಿ ಹೋಗುತ್ತೆ. ಆ ಬಿಸಿ ಮೈಯಿಂದ ಆಚೆ ಬರಬೇಕಲ್ಲ, ಅದಕ್ಕೇ ಬೆವರು."

ಮುದ್ದಪ್ಪನ ತಲೆ ಸರ್ರನೆ ಬೇರೆ ಕಡೆ ಓಡಿತು. "ಹಂಗಾದ್ರೆ ಬೆವರದೇ ಇರೋನು ನಾಕು ಮುದ್ದೆನೂ ಕೆಲಸಕ್ಕೇ ಹಾಕ್ತಾನಾ?"

"ಇಲ್ಲಪ್ಪ, ಹಾಗೆ ಯಾರಿಂದಲೂ ಆಗಲ್ಲ. ಅಭ್ಯಾಸ ಇದ್ದೋರಿಗೆ ಸ್ವಲ್ಪ ಮಿಗಬಹುದು ಅಷ್ಟೇ. ಮೈ ಎಲ್ಲರದೂ ಕಾಯುತ್ತೆ." ಅವಳು ಪೆಟ್ಟಿಗೆಯ ಕಡೆ ನೋಡಿ ಇನ್ನೊಂದು ಮಾತು ಸೇರಿಸಿದಳು. "ಆದ್ರೆ ನೋಡಿ, ಇಳಿಯುವಾಗ ನಿಮ್ಮ ಮೈ ಖರ್ಚು ಮಾಡಿದ್ದು ಏರುವಾಗಿನ ಅರ್ಧಕ್ಕಿಂತ ಎಷ್ಟೋ ಕಡಿಮೆ. ಭಾರ ಎತ್ತೋದಕ್ಕೂ ಭಾರ ತಡೆದು ಇಳಿಸೋದಕ್ಕೂ ಅಷ್ಟು ವ್ಯತ್ಯಾಸ ಇದೆ."

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಮೈ ಎಲ್ಲರದೂ ಕಾಯುತ್ತದೆ ಅಂದದ್ದನ್ನು ಮುದ್ದಪ್ಪ ಕೇಳಿಸಿಕೊಳ್ಳಲೇ ಇಲ್ಲ. ಇಳಿಸುವವನ ಖರ್ಚು ಕಡಿಮೆ ಅಂದದ್ದನ್ನು ಮಾತ್ರ ಗಂಟು ಕಟ್ಟಿಕೊಂಡ. ಇಷ್ಟು ವರ್ಷ ತಾನು ಎತ್ತಿನ ಹಾಗೆ ಏರಿಸಿ ಏರಿಸಿ ನೀರಾದೆ, ಅವನು ಸಸಾರದ ಕೆಲಸ ಮಾಡಿ ಮದುವಣಿಗ ಅನ್ನಿಸಿಕೊಂಡ! ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಮರುದಿನ ಚಹಾ ಹೊತ್ತಿಗೆ ಸಾವ್ಕಾರರೂ ಇದ್ದರು, ಆಳುಗಳೆಲ್ಲ ಇದ್ದರು. ಮುದ್ದಪ್ಪ ಎದ್ದು ನಿಂತ. "ಸಾವ್ಕಾರ್ರೆ, ಇಳಿಸೋದು ಆಳಿನ ಕೆಲ್ಸ ಅಂತಿದ್ರಲ್ಲ, ನಿನ್ನೆ ಮೇಡಂ ಮಿಷಿನ್ನೇ ಇಟ್ಟು ನೋಡ್ಯಾರೆ. ಇಳಿಸೋನಿಗೆ ಅರ್ಧ ಕಷ್ಟನೂ ಇಲ್ಲ. ಒಂದು ದಿನಾನೂ ಏರಿಸದೇ ಇರೋನು ಮೇಸ್ತ್ರಿ ಆಗೋದು ಯಾವ ನ್ಯಾಯ? ಅಣ್ಣ ಒಂದಿನ ನನ್ ಕಡೆ ಬರ್ಲಿ, ನಾನು ಅಣ್ಣನ ಕಡೆ ಹೋಗ್ತೀನಿ. ಆಮ್ಯಾಲೆ ಯಾರ್ನಾದ್ರೂ ಮಾಡ್ರಿ."

ಮುರುಗಪ್ಪನವರು ಮೀಸೆ ಸವರಿಕೊಂಡು, "ಮಾತು ಸರಿ ಐತೆ. ಏನಪ್ಪ ಮೂರ್ತಪ್ಪ?" ಅಂದರು.

ಅಂಗಳದಲ್ಲಿ ಕೂತಿದ್ದ ಮಲ್ಲಕ್ಕ ದಡಕ್ಕನೆ ಎದ್ದಳು. ಏನೋ ಹೇಳಲು ಬಾಯಿ ತೆರೆದಳು. ಮೂರ್ತಪ್ಪ ಹೆಂಡತಿಯನ್ನು ಒಮ್ಮೆ ನೋಡಿದ. ಅವಳು ತೆರೆದ ಬಾಯನ್ನು ಸೆರಗಿನಿಂದ ಮುಚ್ಚಿಕೊಂಡು ಕೂತಳು.

"ಆಗ್ಲಿ. ನಾಳೆ ನಾನು ಏರಿಸ್ತೀನಿ," ಅಂದ ಮೂರ್ತಪ್ಪ.

ಮಾರನೆಯ ದಿನ ಮುದ್ದಪ್ಪನಿಗೆ ಹಬ್ಬ. ದೊಡ್ಡ ಚೀಲ ಬೆನ್ನಿಗೆ ಹಾಕಿಕೊಂಡು ಇಳಿದರೆ ಉಸಿರು ಕೂಡ ಹತ್ತುತ್ತಿಲ್ಲ! ತೊಡೆ ಮಾತ್ರ ಸ್ವಲ್ಪ ನಡುಗುತ್ತಿತ್ತು, ಅದನ್ನು ಯಾರು ಲೆಕ್ಕಕ್ಕಿಟ್ಟರು. ಅವನ ಕಣ್ಣೆಲ್ಲ ಆಚೆ ಮೆಟ್ಟಿಲ ಮೇಲೆ. ಹಸಿ ಕಾಯಿ ಚೀಲ ಹೊತ್ತು ಮೂರ್ತಪ್ಪ ಏರುತ್ತಿದ್ದ. ಮುಖ ಕೆಂಪಾಗಿತ್ತು, ಉಸಿರು ದೂರಕ್ಕೂ ಕೇಳುತ್ತಿತ್ತು. ಈಗ ಬೆವರುತ್ತಾನೆ, ಇನ್ನೊಂದು ಚೀಲಕ್ಕೆ ಬೆವರುತ್ತಾನೆ ಎಂದು ಮುದ್ದಪ್ಪ ಕಾದ. ಹೊತ್ತು ನೆತ್ತಿಯ ಹತ್ತಿರ ಬಂತು. ಆ ಹಣೆ ಒಣಗಿಯೇ ಇತ್ತು. ಏರಿಸಿದರೂ ಬೆವರಿಲ್ಲವಲ್ಲ! ಮುದ್ದಪ್ಪನ ಹೊಟ್ಟೆಯುರಿ ಯಾವತ್ತೂ ಅಷ್ಟು ಜೋರಾಗಿ ಹತ್ತಿರಲಿಲ್ಲ. ಸಸಾರದ ಕೆಲಸ ಕಿತ್ತುಕೊಂಡರೂ ಇವನು ಮದುವಣಿಗನೇ ಆಗಿ ಉಳಿದರೆ ತಾನು ಗೆದ್ದದ್ದಾದರೂ ಏನು?

ಮೂರ್ತಪ್ಪ ಒಂದೊಂದು ಚೀಲಕ್ಕೂ ತೊಟ್ಟಿಗೆ ಹೋಗಿ ತಲೆಗೆ ನೀರು ಸುರಿದುಕೊಂಡು ಬರುತ್ತಿದ್ದ. ಅದನ್ನು ಕಂಡು ಮುದ್ದಪ್ಪ ಎಲ್ಲರಿಗೂ ಕೇಳುವ ಹಾಗೆ ಕೂಗಿದ. "ಏನಣ್ಣ, ಏರ್ಸೋದು ಶುರುವಾದ ಮ್ಯಾಲೆ ಎಮ್ಮಿ ಆಗಿಬಿಟ್ಟಾ? ತೊಟ್ಟಿ ಬಿಟ್ಟು ಬರೋದೇ ಇಲ್ಲ!"

ಆಳುಗಳು ಗೊಳ್ಳೆಂದರು. ಮೂರ್ತಪ್ಪ ಕೈಯಲ್ಲಿದ್ದ ಚೊಂಬನ್ನು ತೊಟ್ಟಿಯ ಕಟ್ಟೆಯ ಮೇಲೆ ಇಟ್ಟ. ಆಮೇಲೆ ಅವನು ಆ ಕಡೆ ಹೋಗಲಿಲ್ಲ.

ಊಟದ ಹೊತ್ತಿಗೆ ಮುಂಚೆ ಅವನು ನಡು ಮೆಟ್ಟಿಲಲ್ಲಿ ನಿಂತುಬಿಟ್ಟ. ಯಾರನ್ನೋ ಕರೆದು ಸಂಬಂಧವಿಲ್ಲದ ಮಾತಾಡಿದ. ಚೀಲ ಹೆಗಲಿಂದ ಜಾರಿ ಕಾಯಿಗಳು ದಡದಡ ಉರುಳಿದವು, ಹಿಂದೆಯೇ ಅವನೂ ಕುಸಿದ. ಮೊದಲು ಓಡಿ ಹೋಗಿ ಹಿಡಿದವನು ಮುದ್ದಪ್ಪ. ಹಿಡಿದವನ ಕೈ ಚುರ್ ಅಂದಿತು. ಆ ಮೈ ಕಾದ ಹೆಂಚಿನ ಹಾಗಿತ್ತು, ಮುಟ್ಟಿದರೆ ಎಲ್ಲೂ ಪಸೆಯಿಲ್ಲ. ಯಾರೋ ಗಾಳಿ ಸೋಕಿದೆ ಅಂದರು, ಯಾರೋ ಕಂಬಳಿ ಹೊದಿಸಿ ಅಂದರು.

ಮಲ್ಲಕ್ಕ ಕೈಯಲ್ಲಿದ್ದ ಚಿಪ್ಪು ಎಸೆದು ಓಡಿ ಬಂದಳು. "ಹೊದಿಸಬ್ಯಾಡ್ರಿ! ತೊಟ್ಟಿಗೆ ಹಾಕ್ರಿ! ಅವ್ರ ಮೈಯಾಗೆ ಬೆವರೇ ಇಲ್ಲ, ಹುಟ್ಟಿದಾಗಿಂದ ಇಲ್ಲ, ಬಿಸಿ ಆಚೆ ಬರಕ್ಕೆ ದಾರಿನೇ ಇಲ್ಲ! ನೀರಿಗೆ ಹಾಕೋ ಮುದ್ದಪ್ಪ!"

ಮೂರು ಮುದ್ದೆ ಬಿಸಿ. ಅದು ಆಚೆ ಬರಬೇಕಲ್ಲ. ಹುಡುಗಿ ಹೇಳಿದ್ದು ಆಗ ಮುದ್ದಪ್ಪನ ಕಿವಿಗೆ ಬಿತ್ತು. ಷಡ್ಡಕನನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು, ಅಂಗಳ ದಾಟಿ, ತೊಟ್ಟಿಯೊಳಗೆ ಕುತ್ತಿಗೆವರೆಗೆ ಮುಳುಗಿಸಿ, ತಾನೂ ಇಳಿದು ತಲೆ ಹಿಡಿದುಕೊಂಡ. ಆಂಬುಲೆನ್ಸು ಬರುವ ತನಕ ಅವನು ಆ ತಲೆಗೆ ನೀರು ಹೊಯ್ಯುತ್ತಲೇ ಇದ್ದ, ಶಿವಶಿವಾ ಅನ್ನುತ್ತಲೇ ಇದ್ದ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಜೀವಕ್ಕೇನೂ ಭಯವಿಲ್ಲ ಅಂದರು, ನೀರಿಗೆ ಹಾಕಿದ್ದೇ ಉಳಿಸಿತು ಅಂದರು. ಕೆಲವರಿಗೆ ಹುಟ್ಟುತ್ತಲೇ ಬೆವರಿನ ಗ್ರಂಥಿ ಇರುವುದಿಲ್ಲವಂತೆ, ಹಲ್ಲು ಕೂದಲೂ ಸರಿಯಾಗಿ ಬರುವುದಿಲ್ಲವಂತೆ. ಮಲ್ಲಕ್ಕ ವರಾಂಡದಲ್ಲಿ ತಂಗಿಯನ್ನು ಹಿಡಿದುಕೊಂಡು ಅತ್ತಳು. "ಮದುವೆ ಆದ ವರ್ಷ ಬೇಸಿಗೆಯಾಗೆ ಗೊತ್ತಾತು ಕಣೆ. ಇಂಥೋನು ಅಂತ ತಿಳಿದ್ರೆ ಯಾವ ಸಾವ್ಕಾರ ಕೆಲ್ಸ ಕೊಡ್ತಾನೆ? ಅದ್ಕೇ ಅವ್ವನಿಗೂ ಹೇಳ್ಲಿಲ್ಲ. ಇಳಿಸೋವಾಗ ಮೈ ಅಷ್ಟು ಕಾಯಲ್ಲ ಅಂತ ಅವ್ರೇ ಕಂಡ್ಕಂಡು ಆ ಕಡೆ ನಿಂತಿದ್ರು."

ಎರಡು ದಿನ ಕಳೆದು ಮುದ್ದಪ್ಪ ನೋಡಲು ಬಂದ. ಬಂದವನು ಕೂರಲಾರದೆ ಒದ್ದಾಡಿದ. ಬರೀ ಅರ್ಧ ದಿನ ಚೀಲ ಇಳಿಸಿದ್ದಕ್ಕೆ ಅವನ ಎರಡೂ ತೊಡೆ ಬಿಗಿದು ಕಟ್ಟಿಗೆಯಾಗಿದ್ದವು. ಸ್ಟೂಲಿನ ಕಡೆ ಅರ್ಧ ಬಗ್ಗಿ "ಅವ್ವಾ" ಎಂದು ಮತ್ತೆ ಎದ್ದು ನಿಂತ. ಮಂಚದ ಮೇಲಿದ್ದ ಮೂರ್ತಪ್ಪ ಕಿಸಕ್ಕನೆ ನಕ್ಕ.

"ಇಳಿಸೋದು ಸಸಾರ ಅಂದ್ಯಲ್ಲೋ! ನನಗೂ ಮೊದಲ್ನೇ ವಾರ ಹಿಂಗೇ ಆಗಿತ್ತು. ಗೋಡೆ ಹಿಡ್ಕಂಡು ಕುಂತ್ಕ."

ಮುದ್ದಪ್ಪ ಗೋಡೆ ಹಿಡಿದು ಕೂತ. ಕೊನೆಗೆ, "ನಿನ್ನ ಒಣಮೈ ಕಂಡು ನನಗೆ ಹೊಟ್ಟೆಕಿಚ್ಚು ಅಣ್ಣ. ಎಷ್ಟೋ ವರ್ಷದಿಂದ. ಅದ್ಕೇ ಹಂಗೆ ಮಾಡ್ದೆ," ಅಂದ.

"ನಂಗೊತ್ತಿಲ್ವೇನೋ? ಹೊಟ್ಟೆಕಿಚ್ಚು ಮುಖದ ಮ್ಯಾಲೆ ಕಾಣ್ತೈತೆ." ಮೂರ್ತಪ್ಪ ಛಾವಣಿಯ ಫ್ಯಾನು ನೋಡುತ್ತಾ ಮಲಗಿದ್ದ. "ನಾನೇನು ಕಮ್ಮಿನಾ? ನೀನು ಹಣೆ ಮ್ಯಾಲಿನ ಬೆವರನ್ನ ಬೆರಳಾಗೆ ಬಳಿದು ಬಳಿದು ನೆಲಕ್ಕೆ ಹಾಕ್ತಿದ್ಯಲ್ಲ, ಅದನ್ನ ನೋಡಿದ್ರೆ ನನ್ ಕರುಳು ಕಿತ್ತು ಬರ್ತಿತ್ತು. ಎಷ್ಟು ಸಲೀಸಾಗಿ ಚೆಲ್ತಾನೆ ಈ ಮಗ ಅಂತ. ಅದ್ರಾಗೆ ಒಂದು ಬೊಗಸೆ ನನಗೆ ಕೊಟ್ಟಿದ್ರೆ ನಾನು ಆ ಶೆಡ್ಡನ್ನೇ ಎತ್ತಿ ಇಡ್ತಿದ್ದೆ."

ಈಗ ಮುದ್ದಪ್ಪನ ಸ್ಥಿತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ಆ ಮಾತು ಕೇಳಿ ಅವನಿಗೆ ಮೊದಲು ಬಂದದ್ದು ಅಳುವಲ್ಲ, ಸಂತೋಷ. ತನ್ನನ್ನು ನೋಡಿಯೂ ಒಬ್ಬನು ಕರುಬಿದ್ದ! ಅದೂ ಮೂರ್ತಪ್ಪ! ಸಾಯುವ ಹಾಗಾಗಿ ಮಲಗಿದ್ದವನ ಎದುರು ಎದೆಯೊಳಗೆ ಹಬ್ಬದೂಟದಂಥ ಸುಖ ಎದ್ದದ್ದು ಗೊತ್ತಾಗಿ ಮುದ್ದಪ್ಪ ತನಗೆ ತಾನೇ ಹೇಸಿಕೊಂಡ. ಮುಖ ತಗ್ಗಿಸಿ, "ಮೇಸ್ತ್ರಿ ಕೆಲ್ಸ ನಿನಗೇ ಆಗ್ಲಿ ಅಣ್ಣ," ಅಂದ.

"ಅದು ನನಗೆ ದೊಡ್ಡಸ್ತಿಕೆಗೆ ಬೇಕಿರ್ಲಿಲ್ಲ ಕಣೋ ಮುದ್ದ. ವಯಸ್ಸಾಗ್ತಾ ಬಂತು, ಇಳಿಸೋದೂ ತಡಿಯಲ್ಲ. ನೆರಳಿಗೆ ಬೇಕಿತ್ತು."

ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಮುದ್ದಪ್ಪ ದೊಡ್ಡ ಮನುಷ್ಯನಾಗಿದ್ದ ಅಂದುಕೊಳ್ಳಬೇಡಿ. ಹೊಳಲ್ಕೆರೆ ಬರುವ ತನಕ ಸಾವ್ಕಾರರಿಗೆ ಹೇಳಿಯೇಬಿಡುತ್ತೇನೆ ಅಂದುಕೊಂಡ. ಹೊಳಲ್ಕೆರೆ ದಾಟಿದ ಮೇಲೆ, ಕಾಯಿಲೆ ಮನುಷ್ಯ ಮೇಸ್ತ್ರಿಯಾಗಿ ಏನು ಮಾಡಿಯಾನು, ಕೇಳಿದರೆ ಹೇಳಿದರಾಯಿತು ಅಂದುಕೊಂಡ. ಅತ್ತೆಯ ನಗು ನೆನಪಾಯಿತು, ಶೆಡ್ಡಿನ ಜಗಲಿಯ ಮೇಲೆ ತಾನು ನಿಂತ ಹಾಗೆ ಕಂಡಿತು. ಹೊಸದುರ್ಗದಲ್ಲಿ ಇಳಿದವನು ಮನೆಗೆ ಹೋಗದೆ ನೆಟ್ಟಗೆ ಸಾವ್ಕಾರರ ಮನೆಗೆ ಹೋದ, ಮನೆಗೆ ಹೋದರೆ ಮನಸ್ಸು ತಿರುಗೀತೆಂಬ ಹೆದರಿಕೆಯಿಂದ. "ಅಣ್ಣನ್ನೇ ಮೇಸ್ತ್ರಿ ಮಾಡ್ರಿ. ನನ್ನ ಕೈಲಿ ಆಗಲ್ಲ," ಎಂದು ಒಂದೇ ಉಸಿರಿಗೆ ಹೇಳಿ ಹೊರಬಂದ. ಹೇಳಿದ ಮೇಲಾದರೂ ಮನಸ್ಸು ಹಗುರಾಯಿತೇ? ಇಲ್ಲ. ರಾತ್ರಿಯಿಡೀ ಮೇಸ್ತ್ರಿಗಿರಿಯೇ ಕಣ್ಣೆದುರಿಗಿತ್ತು.

ಜ್ಯೇಷ್ಠ ಮಾಸಕ್ಕೆ ಮೊದಲೇ ಮೂರ್ತಪ್ಪ ಜಗಲಿಯ ನೆರಳಿಗೆ ಬಂದು ನಿಂತ. ಮಾತು ಕಡಿಮೆ, ಕೆಲಸ ಚೊಕ್ಕ. ಹುಟ್ಟಾ ಮೇಸ್ತ್ರಿ ಕಣ್ರಿ ಇವನು, ಅಂದರು ಆಳುಗಳು. ಮುದ್ದಪ್ಪ ಅದನ್ನೂ ಕೇಳಿಸಿಕೊಂಡ. "ಮುದ್ದಪ್ಪ, ನೀನು ಏರ್ಸೋ ಕಡೆಗೆ ನಡಿ," ಎಂದು ಮೇಸ್ತ್ರಿ ಅಂದಾಗ ಉರಿ ಮತ್ತೆ ಸಣ್ಣಗೆ ತಲೆಯೆತ್ತಿತು. ತಡೆದುಕೊಂಡು ಚೀಲ ಹೊತ್ತ.

ಬಿಸಿಲು ಏರಿತ್ತು. ಅಟ್ಟದ ಬಾಯಲ್ಲಿ ಚೀಲ ಕೆಡವಿ ನೆಟ್ಟಗೆ ನಿಂತಾಗ ಬೆವರು ಧಾರಾಳವಾಗಿ ಸುರಿಯುತ್ತಿತ್ತು, ಬೀಸಿದ ಗಾಳಿಗೆ ಮೈಯೆಲ್ಲ ತಣ್ಣಗಾಯಿತು. ಕೆಳಗೆ ನೋಡಿದ. ಜಗಲಿಯಿಂದ ಮೂರ್ತಪ್ಪ ಅವನನ್ನೇ ನೋಡುತ್ತಿದ್ದ. ತನ್ನನ್ನು ಯಾರೂ ಗಮನಿಸುತ್ತಿಲ್ಲ ಅಂದುಕೊಂಡವನ ನೋಟ. ಆ ನೋಟ ಯಾವುದೆಂದು ಈ ಲೋಕದಲ್ಲಿ ಮುದ್ದಪ್ಪನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಇಷ್ಟು ವರ್ಷ ಅವನು ಈ ಮೆಟ್ಟಿಲಿನಿಂದ ಆ ಮೆಟ್ಟಿಲಿನ ಕಡೆಗೆ ನೋಡಿದ್ದು ಅದೇ ಕಣ್ಣಿನಿಂದ.

ಅವನು ಗೋಡೆಯ ಕಡೆ ತಿರುಗಿಕೊಂಡು, ಕೆಳಗಿರುವ ಅಣ್ಣನಿಗೆ ಕಾಣದ ಹಾಗೆ, ಮುಖ ಕತ್ತಿನ ಬೆವರೆಲ್ಲ ಒರೆಸಿಕೊಂಡ. ಆಮೇಲೆ ಇನ್ನೊಂದು ಚೀಲಕ್ಕೆ ಇಳಿದುಹೋದ.